ತೀರ್ಥವಂದನೆಯೋ, ವಿಹಾರವೋ?

‘ವಿಹಾರ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಲೋಕವ್ಯವಹಾರದಲ್ಲಿ ಅದು ಮನೋರಂಜನೆಗಾಗಿ ಕೈಗೊಳ್ಳುವ ಸುತ್ತಾಟ. ಜೈನ ಪರಂಪರೆಯಲ್ಲಾದರೋ, ಮುನಿಗಳು ಈರ್ಯಾಸಮಿತಿಯನ್ನು ಪಾಲಿಸುತ್ತ, ಮುಂದಿನ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಕಾಲ್ನಡಿಗೆಯಲ್ಲಿ ಸಾಗುವ ಚರ್ಯೆ. ನಮ್ಮ ತೀರ್ಥಕ್ಷೇತ್ರಗಳಲ್ಲಿ ಮೊದಲನೆಯ ಅರ್ಥವು ಎರಡನೆಯದನ್ನು ನುಂಗುತ್ತಿದೆಯೇ ಎಂಬುದು ವಿಚಾರಣೀಯ.

ಝಾರ್ಖಂಡದ ಗಿರಿಡೀಹ್ ಜಿಲ್ಲೆಯ ಶ್ರೀ ಸಮ್ಮೇದಶಿಖರಜಿಯು 24 ತೀರ್ಥಂಕರರಲ್ಲಿ 20 ಮಂದಿಯ ನಿರ್ವಾಣಭೂಮಿ. 2019ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಲ್ಲಿಯ ವನ್ಯಜೀವಿಧಾಮದ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಆ ಅಧಿಸೂಚನೆಯಲ್ಲಿ ಪರಿಸರ ಪ್ರವಾಸೋದ್ಯಮಕ್ಕೂ ಎಡೆಯಿತ್ತು. 2022ರ ಡಿಸೆಂಬರ್‌ನಲ್ಲಿ ದೇಶದ ಅನೇಕ ನಗರಗಳಲ್ಲಿ ಜೈನ ಸಮಾಜ ಬೀದಿಗಿಳಿಯಿತು. 2023ರ ಜನವರಿ 5ರಂದು ಸಚಿವಾಲಯವು ಪ್ರವಾಸೋದ್ಯಮದ ಅಂಶಗಳಿಗೆ ತಡೆ ನೀಡಿ, ಮದ್ಯ, ಧ್ವನಿವರ್ಧಕ, ಅನಧಿಕೃತ ಶಿಬಿರವಾಸ ಹಾಗೂ ಚಾರಣಗಳನ್ನು ನಿಷೇಧಿಸುವಂತೆ ರಾಜ್ಯಕ್ಕೆ ಸೂಚಿಸಿತು.

ಈ ಬೇಡಿಕೆ ನ್ಯಾಯವಾದುದೇ. ಆದರೆ ಸರ್ಕಾರಕ್ಕೆ ಕೇಳಿದ ಪ್ರಶ್ನೆಯನ್ನು ನಮಗೂ ಕೇಳಿಕೊಳ್ಳಬೇಡವೇ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಪ್ರಮಾದಚರ್ಯೆಯೂ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು, ಸುಮ್ಮನೆ ಅಲೆಯುವುದು ಇದರಲ್ಲಿ ಸೇರುತ್ತವೆ. ಇಂದಿನ ವನಭೋಜನ, ಶಿಬಿರಾಗ್ನಿ, ಜಲಕ್ರೀಡೆಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಬೇರೆ ವ್ಯಾಖ್ಯಾನ ಬೇಕಾಗದು. ಅಲೆಯುವವನು ಜೈನನೆಂಬ ಕಾರಣಕ್ಕೆ ಅನರ್ಥದಂಡವು ಪುಣ್ಯವಾಗಲಾರದು.

ಹಾಗೆಂದು ಯುವಕರು ಬೆಟ್ಟ ಹತ್ತಬಾರದೆಂಬ ತೀರ್ಮಾನ ಸಲ್ಲದು. ಗಿರನಾರ, ಶ್ರವಣಬೆಳಗೊಳದ ಚಂದ್ರಗಿರಿ ಮೊದಲಾದ ಗಿರಿಗಳನ್ನೇ ಪೂರ್ವಿಕ ಮುನಿಗಳು ತಪಸ್ಸಿಗೆ ಆರಿಸಿಕೊಂಡರು. ಶಿಖರಜಿಯಲ್ಲಿ ಏರಿ, ಟೋಂಕುಗಳಿಗೆ ವಂದಿಸಿ ಇಳಿಯುವ ಸುಮಾರು 27 ಕಿಲೋಮೀಟರುಗಳ ನಡಿಗೆಯಲ್ಲಿ ದೇಹದ ಆಯಾಸವೂ ವಂದನೆಯ ಅಂಗವೇ ಆಗಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯು ಕುಂದಕುಂದಾಚಾರ್ಯರ ಹೆಸರಿನೊಡನೆ ಬೆಸೆದ ಸ್ಥಳ. ಇಂದು ಅಲ್ಲಿಗೆ ವಾಹನದ ರಸ್ತೆಯಿದ್ದು, ಸೂರ್ಯೋದಯ ನೋಡಲು ಜನ ಬರುತ್ತಾರೆ. ಸೂರ್ಯೋದಯವನ್ನು ನೋಡುವುದು ದೋಷವಲ್ಲ. ಪಾರ್ಶ್ವನಾಥ ಬಸದಿಗೆ ಬೆನ್ನುಮಾಡಿ ಕೂಗಾಡುವುದು, ಕಸ ಚೆಲ್ಲಿ ಇಳಿಯುವುದು ದೋಷ. ಬಯಲಲ್ಲಿ ದೋಷವಿಲ್ಲ, ಪ್ರಮಾದದಲ್ಲಿದೆ.

ಇನ್ನೊಂದು ಮಾತು. ಪಾರಸನಾಥ ಪರ್ವತವನ್ನು ಸಂತಾಲರು ಮರಾಂಗ್ ಬುರು ಎಂದು ಆರಾಧಿಸುತ್ತಾರೆ. ನಮ್ಮ ಶ್ರದ್ಧೆಗೆ ಗೌರವ ಬೇಡುವ ನಾವು ಅವರ ಶ್ರದ್ಧೆಗೂ ಗೌರವ ಸಲ್ಲಿಸುವುದು ಅಹಿಂಸಾಧರ್ಮಕ್ಕೆ ಒಪ್ಪುವಂಥದು.

ಯುವಶಿಬಿರಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳು ಕಾರ್ಯಕ್ರಮಪಟ್ಟಿಯಲ್ಲಿ ಕೆಲವು ಅಂಶಗಳನ್ನು ಸೇರಿಸಬಹುದು: ಬೆಟ್ಟ ಹತ್ತುವ ಮುನ್ನ ಎರಡು ಘಳಿಗೆಯ, ಎಂದರೆ 48 ನಿಮಿಷಗಳ ಸಾಮಾಯಿಕ, ಮಾರ್ಗದಲ್ಲಿ ಮೌನ, ಸೋಸಿದ ನೀರು, ಸೂರ್ಯಾಸ್ತದ ಮೊದಲೇ ಭೋಜನ, ಇಂದು ಈ ಹಾದಿಯನ್ನು ಬಿಟ್ಟು ಆಚೆ ಕಾಲಿಡೆನೆಂಬ ದೇಶವ್ರತದ ಸಂಕಲ್ಪ. ಇವುಗಳಿಗೆ ಹೆಚ್ಚಿನ ಹಣವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಹೀಗೆ ಒಂದು ದಿನ ನಡೆದ ಮಕ್ಕಳು, ಕ್ಷೇತ್ರವನ್ನು ಕಾಯಬೇಕೆಂದು ನಾವು ಹೋರಾಡಿದ್ದು ಏಕೆಂಬುದನ್ನು ಭಾಷಣವಿಲ್ಲದೆಯೇ ಅರಿತಾರು.