ಲೈನ್ ಹಾಕಿದ ಮೇಲೆ

ಮಗುವಿನ ಕೊರಳಿನ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕುವ ಕೈಚಳಕವನ್ನು ನಮ್ಮ ವೈದ್ಯಲೋಕ ಮನಸಾರೆ ಮೆಚ್ಚುತ್ತದೆ. ಹಾಕಿದ ಮೇಲೆ ಅದನ್ನು ಕಾಯುವ ಕೆಲಸಕ್ಕೆ ಆ ಮನ್ನಣೆ ಇಲ್ಲ. ಅಲ್ಟ್ರಾಸೌಂಡ್ ನೋಡುತ್ತ ಚುಚ್ಚುವುದು ಬಂದಮೇಲೆ ಅಪಧಮನಿಗೆ ಸೂಜಿ ತಾಗುವಂಥ ಅವಘಡಗಳು ಕಡಿಮೆಯಾಗಿವೆ, ಅದು ದೊಡ್ಡ ಗೆಲುವೇ. ಆದರೆ ಸೋಂಕು, ಹೆಪ್ಪು, ನಳಿಕೆ ಕಟ್ಟಿಕೊಳ್ಳುವುದು, ಸೀಳುವುದು, ಇವೆಲ್ಲ ಬಹುಪಾಲು ಆಮೇಲಿನವು. ಅಮೆರಿಕದ 29 ಮಕ್ಕಳ ತೀವ್ರ ನಿಗಾ ಘಟಕಗಳ ಅನುಭವ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಲೈನಿನಿಂದಾಗುವ ರಕ್ತದ ಸೋಂಕು ಶೇ 43ರಷ್ಟು ಇಳಿದಿತ್ತು. ಇಳಿಸಿದ್ದು ಮುಖ್ಯವಾಗಿ ದಿನನಿತ್ಯದ ಆರೈಕೆಯ ಶಿಸ್ತು.

ಕೊಪ್ಪಳ ಜಿಲ್ಲೆಯ ಕಾರಟಗಿ ಸಮೀಪದ ಸಿದ್ದಾಪುರದ ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಎಂದುಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ; ನಡುನಡುವೆ ತೋಳಿನ ಮೂಲಕ ಹಾಕುವ ಸೆಂಟ್ರಲ್ ಲೈನ್, ಅಂದರೆ ಪಿಕ್ ಲೈನ್, ಇರುವಾಗಲೇ ಊರಿಗೆ ವಾಪಸ್. ಕಾಲುವೆ ನೀರಿನ ಭತ್ತದ ಸೀಮೆ, ಬೇಸಿಗೆಯ ಬೆವರು. ಡ್ರೆಸಿಂಗ್ ಅಂಚು ಏಳುತ್ತದೆ. ಪಾರದರ್ಶಕ ಪಟ್ಟಿಯನ್ನು ವಾರಕ್ಕೊಮ್ಮೆ, ಸಡಿಲವಾದರೆ ಆ ಕ್ಷಣವೇ ಬದಲಿಸಬೇಕು. ಯಾರು ಬದಲಿಸುತ್ತಾರೆ? ಮಗುವಿಗೆ ಕೊಡುವ ಔಷಧ ಸ್ವಲ್ಪವೆಂದು ಸಣ್ಣ ಸಿರಿಂಜ್ ಹಿಡಿಯುವುದು ಯಾರಿಗೂ ಸಹಜ. ಆದರೆ ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಹೆಚ್ಚು. ಕಟ್ಟಿದ ನಳಿಕೆಯನ್ನು ಅದರಿಂದ ಒತ್ತಿದರೆ ಸೀಳಿಹೋಗಬಹುದು. ಅದಕ್ಕೇ ಲೈನ್ ತೊಳೆಯಲು 10 ಎಂ.ಎಲ್. ಸಿರಿಂಜ್ ಬಳಸುವುದು. ಇನ್ನು ಲೈನ್ ತೊಳೆದ ಸ್ವಲ್ಪ ಹೊತ್ತಿಗೆ ಗಡಗಡ ನಡುಗಿ ಜ್ವರ ಬಂದರೆ ಲೈನಿನ ಸೋಂಕನ್ನೇ ಮೊದಲು ಶಂಕಿಸಬೇಕು. ಊರಲ್ಲಿ ಅದು ‘ಚಳಿಜ್ವರ ಬಂದೈತಿ’ ಎಂದಾಗಿ, ಮಲೇರಿಯಾ, ಟೈಫಾಯ್ಡ್ ಪರೀಕ್ಷೆಯಲ್ಲೇ ದಿನ ಕಳೆಯುವ ಅಪಾಯವಿದೆ. ಕೀಮೋದಿಂದ ಬಿಳಿರಕ್ತಕಣ ಕುಸಿದ ಮಗುವಿಗೆ ಗಂಟೆಗಳೂ ಮುಖ್ಯ.

ತಾಯಿಯ ಅಜ್ಞಾನ ಎಂದು ಇದನ್ನು ಬದಿಗೆ ಸರಿಸುವುದು ಅನ್ಯಾಯ. ಬಿಡುಗಡೆ ಚೀಟಿ ಇಂಗ್ಲಿಷಿನಲ್ಲಿದ್ದರೆ, ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಲೈನ್ ಮುಟ್ಟಬಲ್ಲ ನರ್ಸ್ ಯಾರೆಂದು ಹೇಳದೆ ಕಳಿಸಿದರೆ, ಲೈನ್ ಹಾಕಿದ ಕೆಲಸವೇ ಅರ್ಧಕ್ಕೆ ನಿಂತಿದೆ. ಕನ್ನಡದ ಒಂದು ಹಾಳೆ, ರಾತ್ರಿಯೂ ಎತ್ತುವ ಒಂದು ಫೋನ್, ಮನೆಗೆ ಹೊರಡುವ ಮುನ್ನ ಲೈನಿನ ಆರೈಕೆಯನ್ನು ತಾಯಿಯ ಕೈಯಿಂದಲೇ ಮಾಡಿಸಿ ನೋಡುವುದು: ಇವನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು.

ಲೈನ್ ಯಾವುದಿರಬೇಕು ಎಂಬ ಆಯ್ಕೆಯೂ ಊರನ್ನು ನೋಡಿಯೇ ಆಗಬೇಕು. ಚರ್ಮದಡಿ ಹುದುಗಿಸುವ ಪೋರ್ಟಿಗೆ ಅರಿವಳಿಕೆ ಬೇಕು, ಖರ್ಚೂ ಹೆಚ್ಚು. ಆದರೆ ಸೂಜಿ ತೆಗೆದಮೇಲೆ ಮಗು ಸ್ನಾನ ಮಾಡಬಹುದು, ಆಡಬಹುದು. ಬಳಸದಿದ್ದಾಗ ತಿಂಗಳಿಗೊಮ್ಮೆ ತೊಳೆದರೂ ಸಾಕಾಗುತ್ತದೆ. ಪಿಕ್ ಲೈನ್ ಅಗ್ಗವೆಂದು ಬರೆಯುವಾಗ ವೈದ್ಯರು ಸಿದ್ದಾಪುರದಿಂದ ವಾರವಾರದ ಬಸ್ ಚಾರ್ಜನ್ನೂ ಹೋದ ಕೂಲಿಯನ್ನೂ ಆ ಲೆಕ್ಕಕ್ಕೆ ಸೇರಿಸಲಿ.