ಪಂಪನ ವಂಶಸ್ಮರಣೆ

ಪೂರ್ವಿಕರನ್ನು ನೆನೆಯುವ ಕವಿಗೆ ಎರಡು ಪ್ರಲೋಭನಗಳುಂಟು. ಅವರ ಗುಣಗಳನ್ನು ಬೆಳೆಯಿಸಿ ಹೇಳುವುದೊಂದು. ತನಗೊಪ್ಪದ ನಡೆಯನ್ನು ಮರೆಮಾಚುವುದು ಇನ್ನೊಂದು. 902ರಲ್ಲಿ ಜನಿಸಿದ ಆದಿಕವಿ ಪಂಪನು ಇವೆರಡನ್ನೂ ಗೆದ್ದಿರುವನೆಂಬುದಕ್ಕೆ ವಿಕ್ರಮಾರ್ಜುನವಿಜಯದ ಕಡೆಯ ಆಶ್ವಾಸದ ಕೆಲವೇ ಪದ್ಯಗಳು ಸಾಕ್ಷಿ.

ವೆಂಗಿಮಂಡಲದ ಮಾಧವಸೋಮಯಾಜಿಯು ಈ ವಂಶದ ಹಿರಿಯನು. ಅವನ ಮಗನು ಅಭಿಮಾನಚಂದ್ರ, ಅವನ ಮಗನು ಕೊಮರಯ್ಯ, ಅವನ ಮಗನು ಅಭಿರಾಮದೇವರಾಯ. ಈ ಅಭಿರಾಮದೇವರಾಯನೇ ಪಂಪನ ತಂದೆ. ಸೋಮಯಾಜಿಯ ಯಜ್ಞಧೂಮವು ದಿಗ್ವನಿತೆಯ ಕುರುಳುಗಳಂತೆ ಕವಿಗೆ ಚೆಲುವಾಗಿ ತೋರಿದೆ. ಆ ಹೊಗೆಯಿಂದ ಆತನ ಚರಿತಕ್ಕೆ ಕರೆ ಹತ್ತಿತೆಂಬ ಮಾತನ್ನೂ ಅಲ್ಲಿಯೇ ಹೇಳಿದೆ. ಗೌರವವೂ ಭಿನ್ನಾಭಿಪ್ರಾಯವೂ ಇಲ್ಲಿ ಒಂದೇ ಉಪಮಾನದಲ್ಲಿ ನೆಲೆಸಿವೆ. ಜೈನಧರ್ಮವನ್ನು ಅವಲಂಬಿಸಿದ ತಂದೆಯನ್ನು ಹೊಗಳುವಾಗಲೂ ಕವಿಯು ಹುಟ್ಟಿದ ಕುಲವನ್ನು ಹಳಿಯುವುದಿಲ್ಲ. ವಿಪ್ರಕುಲಕ್ಕೆ ಜಿನಧರ್ಮವೇ ತಕ್ಕುದೆಂದು ನಂಬಿ ತಂದೆಯು ಆ ಕುಲವನ್ನು ಮೇಲಕ್ಕೊಯ್ದನೆಂಬುದೇ ಅವನ ವಾದ. ಒಂದು ಕಾಲದ ಮತಪರಿವರ್ತನೆಯೆಲ್ಲವೂ ಹೀಗೆ ಒಂದು ಮನೆಯ ಕಥೆಯಾಗಿ ಅಡಕವಾಗಿದೆ.

ಇದೇ ಕವಿಯು ತನ್ನ ಒಡೆಯನಾದ ಅರಿಕೇಸರಿಯ ವಂಶವನ್ನು ಹೇಳುವಾಗ ಬೇರೊಂದು ರೀತಿಯನ್ನು ಹಿಡಿದಿರುವನು. ಅಲ್ಲಿ ಬದ್ದೆಗನು 42 ಯುದ್ಧಗಳನ್ನು ಮಾಡಿದ ವೀರನು. ಅರಸರಿಗೆ ಕಾಳಗಗಳೇ ಚರಿತ್ರೆ. ತನ್ನವರಿಗಾದರೋ ನಂಬಿಕೆಯ ನಡೆಯೇ ಚರಿತ್ರೆ.

ಆದರೂ ಪಂಪನ ಸ್ಮರಣೆ ಪೂರ್ಣವಲ್ಲ. ತಂದೆಯಿಂದ ತಂದೆಗೆ ಸಾಗುವ ಆ ಸಾಲಿನಲ್ಲಿ ತಾಯಿಗೆ ಎಡೆಯಿಲ್ಲ. ಈ ಕೊರತೆಯನ್ನು ತುಂಬಿರುವುದು ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿಯ ಬಂಡೆಯಲ್ಲಿ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನ. ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳ ಈ ಶಾಸನದಲ್ಲಿ ತಂದೆಯು ಭೀಮಪಯ್ಯನು. ತಾಯಿಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳಾದ ಅಬ್ಬಣಬ್ಬೆ. ವೆಂಗಿಯ ಮೂಲದವನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಹೆಮ್ಮೆಪಟ್ಟುದೇಕೆಂಬ ಪ್ರಶ್ನೆಗೆ ಆ ಒಂದು ಹೆಸರು ಬಲವಾದ ಸೂಚನೆಯನ್ನು ಕೊಡುತ್ತದೆ. ಅಣ್ಣಿಗೇರಿಯು ಪುಲಿಗೆರೆಗೆ ನೆರೆಯದು.

ಕಾವ್ಯವು ಹಿರಿಯರನ್ನು ತೂಗಿ ನೋಡಿತು. ಕಲ್ಲು ಹೆತ್ತವಳನ್ನು ಹೆಸರಿಸಿತು. ಮನೆತನದ ಚರಿತ್ರೆಯನ್ನು ಬರೆಯಹೊರಟವರಿಗೆ ಅಣ್ಣನ ನಿಷ್ಪಕ್ಷಪಾತವೂ ತಮ್ಮನ ಕೃತಜ್ಞತೆಯೂ ಎರಡೂ ಬೇಕು. ಒಂದನ್ನು ಬಿಟ್ಟರೆ ಅದು ಬಿರುದಾವಳಿಯಾದೀತು ಇಲ್ಲವೆ ಹೆಸರುಗಳ ಪಟ್ಟಿಯಾದೀತು.