ಗಡಿನಾಡ ಶಾಲೆಯ ಆಡುಮಾತು: ಒಂದು ಚಲನಚಿತ್ರದ ಅಭಿನಯ ವಿವೇಚನೆ

ರಿಷಬ್ ಶೆಟ್ಟಿಯವರು ನಿರ್ದೇಶಿಸಿ 2018ರಲ್ಲಿ ತೆರೆಕಂಡ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವು 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ಮನ್ನಣೆ ಪಡೆಯಿತು. ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯೊಂದರ ಈ ಕಥೆ ಪ್ರೇಕ್ಷಕರ ಕಣ್ಣು ತೇವಗೊಳಿಸುತ್ತದೆ. ಆದರೆ ಆ ಆರ್ದ್ರತೆಯ ಮೂಲ ಕಥೆಗಿಂತ ಹೆಚ್ಚಾಗಿ ಆಡುಮಾತನ್ನು ಆಧರಿಸಿದ ಅಭಿನಯದಲ್ಲಿದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ವಿಜಯಪುರ ಜಿಲ್ಲೆಯವರಿಗೆ ಈ ಕಥೆ ದೂರದ್ದಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ಇಂಡಿಯ ನೆರೆಯ ಜತ್ತ, ಅಕ್ಕಲಕೋಟೆಗಳ ಕನ್ನಡಿಗರು ಗಡಿಯಾಚೆ ಉಳಿದರು. ಆದ್ದರಿಂದ ಕಡಲತೀರದ ಈ ಚಿತ್ರವನ್ನು ಭೀಮಾತೀರದವರು ನೆರೆಮನೆಯ ಸುದ್ದಿಯಂತೆ ನೋಡಬಲ್ಲರು.

ಕನ್ನಡ ಬಾರದ ಶಿಕ್ಷಕರೊಬ್ಬರು ಕನ್ನಡ ಮಾಧ್ಯಮದ ಮಕ್ಕಳಿಗೆ ಮಲಯಾಳದಲ್ಲಿ ಗಣಿತ ಕಲಿಸುವುದು ಚಿತ್ರದ ಕೇಂದ್ರ ಸನ್ನಿವೇಶ. ಪ್ರವೀಣನಾಗಿ ರಂಜನ್, ಮಮ್ಮುಟ್ಟಿಯಾಗಿ ಸಂಪತ್ ಇಲ್ಲಿ ದುಃಖವನ್ನು ಅಭಿನಯಿಸುವುದಿಲ್ಲ, ಅರ್ಥವಾಗದಿರುವುದನ್ನು ಅಭಿನಯಿಸುತ್ತಾರೆ. ಪ್ರೇಕ್ಷಕ ಮೊದಲು ನಗುತ್ತಾನೆ. ಪಾಠ ತಿಳಿಯದ ಮಗುವನ್ನು ಕಂಡು ನಕ್ಕೆನೆಂಬ ಅರಿವು ಅನಂತರ ಅವನನ್ನು ಕಲಕುತ್ತದೆ. ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ದೂತಿಯು ಭಾಗವತನೊಡನೆ ಆಡುಮಾತಿನಲ್ಲಿ ಕೆಣಕುತ್ತ ನಗಿಸಿ, ಸತ್ಯಭಾಮೆಯ ಸಂಕಟಕ್ಕೆ ನೋಡುಗರ ಮನಸ್ಸನ್ನು ಹದಗೊಳಿಸುವ ಕ್ರಮವೂ ಇಂಥದೇ. ಭುಜಂಗನ ಪಾತ್ರದ ಪ್ರಕಾಶ್ ತೂಮಿನಾಡು ತುಳು ರಂಗಭೂಮಿಯಿಂದ ಬಂದವರು. ಮಾತಿನ ಓಟ ಮತ್ತು ತಡೆಗಳಲ್ಲಿ ಆ ಪಳಗುವಿಕೆ ಸ್ಪಷ್ಟ. ಪ್ರಮೋದ್ ಶೆಟ್ಟಿ ಗತ್ತು ಮತ್ತು ಅಸಹಾಯಕತೆಗಳನ್ನು ಒಂದೇ ಮುಖದಲ್ಲಿ ಹಿಡಿದಿಡುತ್ತಾರೆ.

ಉತ್ತರಾರ್ಧದಲ್ಲಿ ಮಕ್ಕಳು ಮೈಸೂರಿನಿಂದ ಕರೆತರುವ ಅನಂತಪದ್ಮನಾಭ ಪಿ. ನ್ಯಾಯಾಲಯದಲ್ಲಿ ವಾದಿಸುತ್ತಾರೆ. ಅನಂತನಾಗ್ ಅವರ ಹದವರಿತ ಅಭಿನಯ ನಿರ್ವಿವಾದ. ಆದರೂ ಚಿತ್ರದ ಕೊರತೆ ಇರುವುದು ಇಲ್ಲಿಯೇ. ಅಲ್ಲಿಯವರೆಗೆ ಆಟದ ಮೇಳವಾಗಿದ್ದ ಮಕ್ಕಳು ಕೇಳುಗರಾಗಿಬಿಡುತ್ತಾರೆ. ತುಳು, ಮಲಯಾಳ ಬೆರೆತ ಅವರ ಕನ್ನಡದ ಸ್ಥಾನವನ್ನು ಹಿರಿಯನೊಬ್ಬನ ಭಾಷಣ ಆಕ್ರಮಿಸುತ್ತದೆ. ಮಲಯಾಳಿ ಶಿಕ್ಷಕನೂ ನಗೆಪಾಟಲಿನ ಪಾತ್ರವಾಗಿಯೇ ಉಳಿಯುತ್ತಾನೆ. ಮಕ್ಕಳು ಅವನಿಗೆ ಅರ್ಥವಾಗದ ಹಾಗೆಯೇ ಅವನೂ ಚಿತ್ರಕ್ಕೆ ಅರ್ಥವಾಗಿಲ್ಲ.

ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಅವರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಶಾಲಾ ಶಿಕ್ಷಕರು. ಮನೆಯ ಮಾತಿಗೆ ಕಿವಿಗೊಟ್ಟ ಶಿಕ್ಷಕನಿಂದ ನಮ್ಮ ಜಾನಪದಕ್ಕೆ ಏನು ದಕ್ಕಿತೆಂಬುದು ಇಲ್ಲಿ ಸ್ಮರಣೀಯ. ಕಿವಿಗೊಡದ ಶಾಲೆಯಲ್ಲಿ ಮಗು ಏನನ್ನು ಕಳೆದುಕೊಳ್ಳುತ್ತದೆಂಬುದನ್ನು ಈ ಚಿತ್ರದ ಬಾಲನಟರು ಭಾಷಣವಿಲ್ಲದೆ ತೋರಿಸಿದ್ದಾರೆ. ಚಿತ್ರದ ಬಾಳಿಕೆಯ ಭಾಗವೂ ಅದೇ.